ಗೆದ್ದವನು ಹೊರಗೇ ನಿಂತ

ಗಾಲ್ಫ್ ನಮ್ಮ ಆಟವಲ್ಲ. ನಮ್ಮ ಕೇರಿಗಳ ಹುಡುಗರು ಆಡೋದು ಚಿನ್ನಿದಾಂಡು, ಗೋಲಿ, ಕಬಡ್ಡಿ. ನೂರು ಎಕರೆ ನೆಲಕ್ಕೆ ಹುಲ್ಲು ಬೆಳೆಸಿ, ಆ ಹುಲ್ಲಿಗೆ ನೀರು ಕುಡಿಸಿ, ಪುಟ್ಟ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ಹದಿನೆಂಟು ಕುಳಿಗಳಿಗೆ ಹಾಕೋ ಈ ಆಟ ಉಳ್ಳವರದು. ಯಾರು ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಆಡೋರು ಕೈಬೀಸಿಕೊಂಡು ಮುಂದೆ ನಡೀತಾರೆ. ಅವರ ಕೋಲುಗಳ ಚೀಲ ಹೊತ್ತು ಹಿಂದೆ ಇನ್ನೊಬ್ಬ ನಡೀತಾನೆ. ಅವನಿಗೆ ಕ್ಯಾಡಿ ಅಂತಾರೆ. ಇಂಥ ಆಟದ ಮಾತು ನಮ್ಮ ಪತ್ರಿಕೆಗೆ ಯಾಕೆ ಅಂತ ಗೆಳೆಯರು ಕೇಳಬಹುದು. ನಾವು ಇಲ್ಲಿ ಹೇಳಹೊರಟಿರೋದು ಚೀಲ ಹೊತ್ತವನ ಚರಿತ್ರೆಯನ್ನು. ಅವನ ಹೆಸರು ಸ್ಯೂಸಂಕರ್ ಸ್ಯೂಗೋಲಂ. ಜನ ಕರೆದದ್ದು ಪಾಪ್ವಾ ಅಂತ. ಊರು ದಕ್ಷಿಣ ಆಫ್ರಿಕದ ಡರ್ಬನ್.

ಸ್ಯೂಸಂಕರ್ ಅಂದರೆ ನಮ್ಮ ಶಿವಶಂಕರನೇ. ಈ ಶಿವಶಂಕರ ಆಫ್ರಿಕಕ್ಕೆ ಹೋದದ್ದು ಹೇಗೆ? ಬ್ರಿಟಿಷರು 1833ರಲ್ಲಿ ಕಾನೂನು ಮಾಡಿ ತಮ್ಮ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡಿದರು. ಗುಲಾಮರು ಬೇಡವಾದರೂ ಕಬ್ಬಿನ ತೋಟಗಳಿಗೆ ಗುಲಾಮರಂಥ ಆಳುಗಳು ಬೇಕಾಗಿದ್ದರು. ಆಗ ಕರಾರು ಕೂಲಿ ಅನ್ನೋ ಹೊಸ ಜೀತ ಹುಟ್ಟಿತು. 1860ರ ನವೆಂಬರ್ 16ರಂದು ಟ್ರೂರೋ ಎಂಬ ಹಡಗು ಮದ್ರಾಸಿನಿಂದ ಹೊರಟ ಕೂಲಿಗಳ ಮೊದಲ ತಂಡವನ್ನು ನಟಾಲ್ ವಸಾಹತಿನ ಡರ್ಬನ್ನಿನಲ್ಲಿ ಇಳಿಸಿತು. ಅದರ ಬೆನ್ನಿಗೇ ಕಲ್ಕತ್ತೆಯಿಂದ ಇನ್ನೊಂದು ಹಡಗು ಬಂತು. 1911ರ ಹೊತ್ತಿಗೆ ಹೀಗೆ ಸಾಗಿಸಲ್ಪಟ್ಟವರು ಒಂದೂವರೆ ಲಕ್ಷ ಜನ. ಹಡಗಿನ ಪಟ್ಟಿಗಳಲ್ಲಿ ಹೆಸರು, ವಯಸ್ಸಿನ ಜೊತೆಗೆ ಜಾತಿಯನ್ನೂ ಬರೆದಿದ್ದರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅನ್ನೋದು ಮೇಲಿನವರ ನಂಬಿಕೆ. ಕೂಲಿಯ ಜಾತಿ ಮಾತ್ರ ಕಾಗದದಲ್ಲಿ ಅವನ ಜೊತೆಗೇ ಸಮುದ್ರ ದಾಟಿತು. ಅಲ್ಲಿಳಿದ ಮೇಲೆ ಬಿಳಿಯರ ಕಣ್ಣಿಗೆ ಎಲ್ಲ ಜಾತಿಯವರೂ ಒಂದೇ: ಕೂಲಿ.

ಇಂಥ ಬಡ ಭಾರತೀಯ ಸಂಸಾರದಲ್ಲಿ ಪಾಪ್ವಾ ಹುಟ್ಟಿದರು. ಓದು ಬರಹ ಅವರ ಪಾಲಿಗೆ ಬರಲಿಲ್ಲ. ಡರ್ಬನ್ನಿನ ಬೀಚ್‌ವುಡ್ ಕ್ಲಬ್ಬಿನಲ್ಲಿ ಬಿಳಿಯರ ಕೋಲುಚೀಲ ಹೊರೋ ಕೆಲಸ ಮಾಡಿದರು. ಹೊತ್ತ ಬೆನ್ನು ಬಗ್ಗಿತ್ತು, ಕಣ್ಣು ಬಗ್ಗಿರಲಿಲ್ಲ. ಗಾಳಿ ಯಾವ ಕಡೆ ಬೀಸುತ್ತದೆ, ನೆಲ ಎಲ್ಲಿ ಇಳಿಜಾರಾಗಿದೆ, ಯಾವ ದೂರಕ್ಕೆ ಯಾವ ಕೋಲು ಎಂಬುದನ್ನೆಲ್ಲ ನೋಡಿ ನೋಡಿಯೇ ಕಲಿತರು. ಕೈ ಹಿಡಿದು ಕಲಿಸೋ ಮೇಷ್ಟ್ರು ಇರಲಿಲ್ಲ. ಬಲಗೈಯವರು ಕೋಲು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ ಇಡೋದು ಪದ್ಧತಿ. ಪಾಪ್ವಾ ಬಲಗೈ ಮೇಲಿಟ್ಟು ಎಡಗೈ ಕೆಳಗಿಟ್ಟರು. ಗಾಲ್ಫ್ ಪಂಡಿತರ ಪ್ರಕಾರ ಅದು ತಪ್ಪು ಹಿಡಿತ. ಆ ತಪ್ಪು ಹಿಡಿತದಲ್ಲೇ ಚೆಂಡು ನೆಟ್ಟಗೆ ಹೋಗುತ್ತಿತ್ತು.

ಅವರ ಕೈಚಳಕ ಗುರುತಿಸಿದವರು ಗ್ರಹಾಂ ವುಲ್ಫ್. ಆಯಿಲ್ ಆಫ್ ಓಲೇ ಎಂಬ ಮುಖಕ್ಕೆ ಹಚ್ಚೋ ದ್ರವ ಕಂಡುಹಿಡಿದು ಮಾರಿದ ಬಿಳಿಯ. ಪಾಪ್ವಾಗೆ ತಮ್ಮ ಕಾರ್ಖಾನೆಯಲ್ಲಿ ಕೆಲಸ ಕೊಟ್ಟಿದ್ದ ಇವರು 1959ರಲ್ಲಿ ತಾವೇ ವಿಮಾನ ಹಾರಿಸಿಕೊಂಡು ಅವರನ್ನು ಯುರೋಪಿಗೆ ಕರೆದೊಯ್ದರು. ಮೊದಲು ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿ ಬ್ರಿಟಿಷ್ ಓಪನ್. ಅಲ್ಲಿ ಪಾಪ್ವಾಗೆ ಗೆಲುವು ಸಿಗಲಿಲ್ಲ. ಗೆದ್ದವರು ಅದೇ ದಕ್ಷಿಣ ಆಫ್ರಿಕದ ಬಿಳಿಯ ಗ್ಯಾರಿ ಪ್ಲೇಯರ್. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ. ಅಲ್ಲಿಂದ ಹಾಲೆಂಡಿಗೆ ಹೋದ ಪಾಪ್ವಾ ಡಚ್ ಓಪನ್ ಗೆದ್ದರು. 1960ರಲ್ಲಿ ಮತ್ತೆ ಗೆದ್ದರು. 1964ರಲ್ಲಿ ಮೂರನೇ ಸಲವೂ ಗೆದ್ದರು.

ಹಾಲೆಂಡಿನಲ್ಲಿ ಚಾಂಪಿಯನ್ ಆದವನು ಹುಟ್ಟಿದೂರಲ್ಲಿ ಏನಾಗಿದ್ದ? ಅಲ್ಲಿ 1950ರ ಕಾನೂನು ಪ್ರತಿ ಮನುಷ್ಯನಿಗೂ ಬಣ್ಣದ ಚೀಟಿ ಅಂಟಿಸಿತ್ತು. ಅದೇ ವರ್ಷದ ಇನ್ನೊಂದು ಕಾನೂನು ಯಾರು ಯಾವ ಕೇರಿಯಲ್ಲಿ ಬದುಕಬೇಕೆಂದು ಗೆರೆ ಎಳೆಯಿತು. 1953ರ ಕಾನೂನು ಬಸ್ಸು, ಬೆಂಚು, ಸಮುದ್ರದ ದಡ ಎಲ್ಲವನ್ನೂ ಪಾಲು ಮಾಡಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಇಂಥ ದೇಶದಲ್ಲಿ ಬಿಳಿಯರ ಜೊತೆ ಆಡಬೇಕಾದರೆ ಪಾಪ್ವಾ ಅನುಮತಿ ಬೇಡಬೇಕಿತ್ತು.

1963ರಲ್ಲಿ ಬಿಳಿಯರ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಟಾಲ್ ಓಪನ್ ನಡೆಯಿತು. ಆಡೋಕೆ ಅನುಮತಿ ಸಿಕ್ಕಿತ್ತು. ಕ್ಲಬ್ಬಿನ ಕಟ್ಟಡದೊಳಗೆ ಕಾಲಿಡೋಕೆ ಸಿಕ್ಕಿರಲಿಲ್ಲ. ಬಟ್ಟೆ ಬದಲಿಸೋಕೆ, ಊಟ ಮಾಡೋಕೆ ಒಳಗೆ ಜಾಗವಿಲ್ಲ. ಪಾಪ್ವಾ ಎಲ್ಲ ಬಿಳಿಯರನ್ನೂ ಸೋಲಿಸಿ ಪಂದ್ಯ ಗೆದ್ದರು. ಆಗ ಮಳೆ ಸುರಿಯುತ್ತಿತ್ತು. ಬಿಳಿಯರು ಒಳಗೆ ಬೆಚ್ಚಗೆ ಸೇರಿದರು. ಗೆದ್ದವನಿಗೆ ಬಹುಮಾನವನ್ನು ಹೊರಗೆ, ಮಳೆಯಲ್ಲಿ ಕೊಟ್ಟು ಕಳಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡೀಬೇಕು. ಆ ಹೊತ್ತಿನಲ್ಲಿ ಕ್ಲಬ್ಬಿನೊಳಗೆ ಬಿಳಿಯರಿಗೆ ತಟ್ಟೆ, ಗ್ಲಾಸು ತಂದಿಡುತ್ತಿದ್ದವರೂ ಭಾರತೀಯರೇ. ಅಂದಮೇಲೆ ಆ ಬಾಗಿಲು ಭಾರತೀಯರಿಗೆ ಮುಚ್ಚಿರಲಿಲ್ಲ. ತಟ್ಟೆ ಹಿಡಿದು ಬಂದರೆ ತೆರೆಯುತ್ತಿತ್ತು, ಬಹುಮಾನ ಪಡೆಯೋಕೆ ಬಂದರೆ ಮುಚ್ಚುತ್ತಿತ್ತು. ಮೈ ಬಣ್ಣ ನೋಡಿ ಅಸಹ್ಯಪಟ್ಟು ಮಾಡಿದ ಕಟ್ಟಳೆ ಇದಾಗಿದ್ದರೆ ಆ ಕೈಯಿಂದ ಅನ್ನ ನೀರು ಮುಟ್ಟುತ್ತಿರಲಿಲ್ಲ. ಬಿಟ್ಟಿ ಅಥವಾ ಅಗ್ಗದ ದುಡಿಮೆ ಬೇಕು, ಸಮಾನತೆ ಬೇಡ. ವರ್ಣಭೇದದ ತಿರುಳು ಇಷ್ಟೇ.

ಮಳೆಯಲ್ಲಿ ನಿಂತ ಪಾಪ್ವಾ ಅವರ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ವರ್ಣಭೇದಿ ದೇಶದ ಜೊತೆ ಆಡಬೇಡಿ ಎಂಬ ಚಳವಳಿಗೆ ಅದು ಗುರುತಾಯಿತು. 1964ರ ಟೋಕಿಯೋ ಒಲಿಂಪಿಕ್ಸ್‌ನಿಂದ ದಕ್ಷಿಣ ಆಫ್ರಿಕವನ್ನು ಹೊರಗಿಟ್ಟರು. 1970ರಲ್ಲಿ ಒಲಿಂಪಿಕ್ ಸಮಿತಿಯಿಂದಲೇ ಹೊರಹಾಕಿದರು. ಸಾವಿರ ಭಾಷಣ ಮಾಡದ ಕೆಲಸದಲ್ಲಿ ಆ ಒಂದು ಚಿತ್ರದ ಪಾಲೂ ಇತ್ತು.

1965ರಲ್ಲಿ ಪಾಪ್ವಾ ನಟಾಲ್ ಓಪನ್ನನ್ನು ಮತ್ತೆ ಗೆದ್ದರು. ಈ ಸಲ ಹಿಂದೆ ಬಿದ್ದವರು ಗ್ಯಾರಿ ಪ್ಲೇಯರ್, ಜಗತ್ತಿನ ಅತಿ ದೊಡ್ಡ ಆಟಗಾರರಲ್ಲೊಬ್ಬರು. ಬಿಳಿಯನೇ ಮೇಲು ಎಂಬ ಸಿದ್ಧಾಂತ ಹದಿನೆಂಟು ಕುಳಿಗಳ ಅಂಗಳದಲ್ಲೇ ಸುಳ್ಳಾಯಿತು. ಸರ್ಕಾರಕ್ಕೆ ತಡೆಯಲಾಗಲಿಲ್ಲ. ಪಾಪ್ವಾಗೆ ದೇಶದೊಳಗಿನ ದೊಡ್ಡ ಪಂದ್ಯಗಳ ಬಾಗಿಲು ಮುಚ್ಚಿತು. ಪಾಸ್‌ಪೋರ್ಟನ್ನೂ ಕಿತ್ತುಕೊಂಡು ಹೊರದೇಶದ ದಾರಿಯನ್ನೂ ಕಡಿಯಿತು. ಪ್ಲೇಯರ್ 1966ರಲ್ಲಿ ಬರೆದ ಪುಸ್ತಕದಲ್ಲಿ ವರ್ಣಭೇದ ನೀತಿಯ ಪರ ನಿಂತರು. ಎಷ್ಟೋ ಕಾಲದ ಮೇಲೆ ಆ ನಿಲುವು ಬಿಟ್ಟರು. ಅವರಿಗೆ ಮನಸ್ಸು ಬದಲಿಸೋಕೆ ವರ್ಷಗಳಿದ್ದವು. ಪಾಪ್ವಾಗೆ ಇರಲಿಲ್ಲ. ಆಡೋ ವಯಸ್ಸಿನಲ್ಲಿ ಆಡಲಾಗದೆ, ಬಡತನದಲ್ಲೇ, 1978ರಲ್ಲಿ ತೀರಿಕೊಂಡರು. ದಕ್ಷಿಣ ಆಫ್ರಿಕದಲ್ಲಿ ಎಲ್ಲರೂ ಓಟು ಹಾಕಿದ್ದು 1994ರಲ್ಲಿ. ಇವತ್ತು ಡರ್ಬನ್ನಿನ ಒಂದು ಮುನಿಸಿಪಲ್ ಗಾಲ್ಫ್ ಮೈದಾನಕ್ಕೆ ಪಾಪ್ವಾ ಹೆಸರಿದೆ.

ಈ ಚರಿತ್ರೆಯಲ್ಲಿ ನಮ್ಮ ದೇಶದ ಪಾಲೂ ಉಂಟು. ದಕ್ಷಿಣ ಆಫ್ರಿಕದ ಭಾರತೀಯರ ಮೇಲಿನ ಅನ್ಯಾಯವನ್ನು ಭಾರತ 1946ರಲ್ಲೇ ವಿಶ್ವಸಂಸ್ಥೆಗೆ ಒಯ್ದಿತು, ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿತು. 1974ರ ಡೇವಿಸ್ ಕಪ್ ಟೆನಿಸ್ ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕ ಅಂತ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟಿತು. ಅದು ಸರಿಯಾದ ಕೆಲಸ, ಹೆಮ್ಮೆಯ ಕೆಲಸ. ಆದರೆ ಡರ್ಬನ್ನಿನ ಬಾಗಿಲನ್ನು ಕಂಡ ಕಣ್ಣಿಗೆ ನಮ್ಮೂರ ಹೊಸ್ತಿಲುಗಳು ಯಾಕೆ ಕಾಣಲಿಲ್ಲ? ಅಲ್ಲಿ ಕಾನೂನೇ ಬಾಗಿಲು ಹಾಕಿತ್ತು, ಕಾನೂನು ಬಿದ್ದಾಗ ಬಾಗಿಲು ತೆರೆಯಿತು. ಇಲ್ಲಿ ಸಂವಿಧಾನದ 17ನೇ ವಿಧಿ 1950ರಿಂದಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಬಾಗಿಲು ಕಾಯೋದು ಕಾನೂನಲ್ಲ, ರೂಢಿ. ಅದಕ್ಕೆ ಗೆಜೆಟ್ಟಿನಲ್ಲಿ ಹೆಸರಿಲ್ಲ, ಹಾಗಾಗಿ ಹೊಡೆದು ಬೀಳಿಸೋದು ಇನ್ನೂ ಕಷ್ಟ.

ಹಳ್ಳಿ ಮೇಷ್ಟ್ರುಗಳು ಪಾಪ್ವಾ ಚರಿತ್ರೆಯನ್ನು ಮಕ್ಕಳಿಗೆ ಹೇಳಲಿ ಅನ್ನೋದು ನಮ್ಮ ಕೋರಿಕೆ. ಹೇಳಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಲಿ. ನಮ್ಮೂರಲ್ಲಿ ಗೋಡೆ ಕಟ್ಟಿದವರು, ಕಣ ಮಾಡಿದವರು, ತಮಟೆ ಬಡಿದವರು ಕೆಲಸ ಮುಗಿದ ಮೇಲೆ ಯಾವ ಯಾವ ಬಾಗಿಲ ಹೊರಗೆ ನಿಲ್ಲುತ್ತಾರೆ? ಮಕ್ಕಳು ಉತ್ತರ ಬರೆದು ತರಲಿ. ಅವರಿಗೆ ಎಲ್ಲ ಬಾಗಿಲುಗಳೂ ಗೊತ್ತಿರುತ್ತವೆ.