ಕೆರೆಯ ಏರಿ: ಅದರ ಕಟ್ಟಣೆಯೂ ಕಾಪೂ

ಕನ್ನಡ ನಾಡಿನ ಬಹುಭಾಗವು ಬಯಲುಸೀಮೆಯಾಗಿರುವುದು. ವರ್ಷದಲ್ಲಿ ಕೆಲವೇ ದಿನಗಳು ಸುರಿಯುವ ಮಳೆಯನ್ನು ತಡೆದು ನಿಲ್ಲಿಸಿಕೊಂಡವರಿಗೆ ಮಾತ್ರ ಇಲ್ಲಿ ಬೆಳೆಯುಂಟು, ಅನ್ನವುಂಟು. ಆದುದರಿಂದಲೇ ಈ ನಾಡಿನ ಪೂರ್ವಿಕರು ದೇವಾಲಯ, ಅರವಟ್ಟಿಗೆ, ಅನ್ನಸತ್ರಗಳ ಜೊತೆಯಲ್ಲಿ ಕೆರೆಯನ್ನು ಕಟ್ಟಿಸುವುದನ್ನೂ ಮಹಾಧರ್ಮವೆಂದು ಎಣಿಸಿದರು. ಕೆರೆಗೆ ಪ್ರಾಣವಾದುದು ಏರಿ. ಮಣ್ಣಿನಿಂದ ಮಾಡಿದ ಆ ಒಡ್ಡು ನಿಂತಿರುವವರೆಗೆ ಕೆಳಗಣ ಊರಿಗೆ ಅದು ತಾಯಿ. ಒಡೆದ ದಿನ ಅದೇ ಮೃತ್ಯುವು. ಈ ಎರಡು ಸ್ವಭಾವಗಳನ್ನೂ ಬಲ್ಲವರೇ ಕೆರೆಯನ್ನು ಕಟ್ಟಲೂ ಕಾಯಲೂ ಅರ್ಹರು.

ಶರಣಪರಂಪರೆಯಲ್ಲಿ ಕೆರೆಯ ಮಾತು ಬಂದೊಡನೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಸ್ಮರಣೆಯಾಗುವುದು ಸಹಜವು. ಹನ್ನೆರಡನೆಯ ಶತಮಾನದ ಈ ಮಹಾತ್ಮರು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆಯನ್ನು ತೋಡಿಸಿದ ವೃತ್ತಾಂತವನ್ನು ರಾಘವಾಂಕನು ಸಿದ್ಧರಾಮಚಾರಿತ್ರದಲ್ಲಿ ವರ್ಣಿಸಿರುವನು. ಅಲ್ಲಮಪ್ರಭುಗಳು ಅಲ್ಲಿಗೆ ಬಂದಾಗ ಕೆರೆಯ ಕೆಲಸ ನಡೆದಿದ್ದಿತೆಂದೂ, ಪ್ರಭುಗಳು ಸಿದ್ಧರಾಮರನ್ನು ಒಡ್ಡನೆಂದೇ ಕರೆದು ಅವರ ಅರಿವನ್ನು ಪರೀಕ್ಷಿಸಿದರೆಂದೂ ಶೂನ್ಯಸಂಪಾದನೆಯಿಂದ ತಿಳಿದುಬರುತ್ತದೆ. ಮಣ್ಣಿನ ಕೆಲಸವನ್ನೇ ಕುಲವೃತ್ತಿಯಾಗಿ ನಡೆಸಿ ಬಂದ ಭೋವಿ ಸಮಾಜದವರು ಸಿದ್ಧರಾಮರನ್ನು ಇಂದಿಗೂ ಕುಲಗುರುಗಳೆಂದು ಪೂಜಿಸುವರು. ಸೊಲ್ಲಾಪುರದ ಸಿದ್ಧೇಶ್ವರ ದೇವಾಲಯವನ್ನು ಬಳಸಿಕೊಂಡಿರುವ ಕೆರೆಯು ಆ ಕಾಯಕದ ಕುರುಹಾಗಿ ಉಳಿದಿದೆ.

ಕೆರೆಯ ವಿದ್ಯೆಯು ಶರಣರ ಕಾಲಕ್ಕಿಂತಲೂ ಬಹು ಪ್ರಾಚೀನವಾದುದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಕೆರೆಯೊಂದನ್ನು ಕುರಿತದ್ದು. ಅದೇ ವಂಶದ ಕಾಕುತ್ಸ್ಥವರ್ಮನು ದೇವಾಲಯದ ಉಪಯೋಗಕ್ಕಾಗಿ ಕೆರೆಯನ್ನು ಮಾಡಿಸಿದನೆಂದು ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವು ಸಾರುತ್ತದೆ.

ಏರಿಯ ಕೇಡನ್ನು ಕುರಿತ ಅತಿ ಪ್ರಾಚೀನವೂ ವಿಶದವೂ ಆದ ಬರಹವಾದರೋ ಸೌರಾಷ್ಟ್ರದ ಗಿರಿನಗರದಲ್ಲಿದೆ. ಅಶೋಕನ ಧರ್ಮಲಿಪಿಗಳಿರುವ ಬಂಡೆಯ ಮೇಲೆಯೇ ಕ್ರಿ. ಶ. 150ರಲ್ಲಿ ಮಹಾಕ್ಷತ್ರಪ ರುದ್ರದಾಮನು ಅದನ್ನು ಬರೆಯಿಸಿದನು. ಚಂದ್ರಗುಪ್ತ ಮೌರ್ಯನ ಅಧಿಕಾರಿಯಾದ ಪುಷ್ಯಗುಪ್ತನು ಕಟ್ಟಿಸಿದ ಸುದರ್ಶನವೆಂಬ ಕೆರೆಯು ಘೋರವಾದ ಮಳೆಗಾಳಿಗಳಿಗೆ ಸಿಕ್ಕಿ ಒಡೆಯಿತು. ಬಿರುಕು 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳವಾಗಿದ್ದಿತು. ನೀರೆಲ್ಲವೂ ಹರಿದುಹೋಗಿ ಕೆರೆಯು ಮರುಭೂಮಿಯಂತಾಯಿತು. ಒಡಕು ಅತಿ ದೊಡ್ಡದೆಂದು ಮಂತ್ರಿಗಳು ಹಿಂಜರಿದರು. ಕಟ್ಟೆಯು ಮತ್ತೆ ಏಳದೆಂದು ಪ್ರಜೆಗಳು ಗೋಳಿಟ್ಟರು. ಆಗ ರಾಜನು ಪ್ರಜೆಗಳ ಮೇಲೆ ಹೊಸ ಕರವನ್ನಾಗಲಿ ಬಿಟ್ಟಿಯನ್ನಾಗಲಿ ಹೇರದೆ, ತನ್ನ ಭಂಡಾರದ ಧನದಿಂದಲೇ, ಸುವಿಶಾಖನೆಂಬ ಅಧಿಕಾರಿಯ ಮೂಲಕ ಏರಿಯನ್ನು ಮೊದಲಿಗಿಂತ ದೃಢವಾಗಿ ಕಟ್ಟಿಸಿದನು. ಇಷ್ಟಾದರೂ ಮುನ್ನೂರು ವರ್ಷಗಳ ಬಳಿಕ, ಸ್ಕಂದಗುಪ್ತನ ಕಾಲದಲ್ಲಿ, ಮಳೆಗಾಲದ ನೀರಿನಿಂದ ಅದು ಮತ್ತೊಮ್ಮೆ ಒಡೆಯಿತು, ಮತ್ತೊಮ್ಮೆ ಕಟ್ಟಲ್ಪಟ್ಟಿತು. ಇಂದು ಆ ಕೆರೆಯಿಲ್ಲ. ಏರಿಯನ್ನು ಒಮ್ಮೆ ಕಟ್ಟಿದರೆ ಸಾಲದು, ತಲೆತಲೆಮಾರಿಗೂ ಕಾಯುತ್ತಿರಬೇಕೆಂಬ ನೀತಿಯು ಈ ಚರಿತ್ರೆಯಿಂದ ಸ್ಪಷ್ಟವಾಗುವುದು.

ಇಂತಹ ಅನುಭವಗಳು ಮುಂದೆ ಶಾಸ್ತ್ರರೂಪವನ್ನು ತಾಳಿದುದಕ್ಕೆ ವಿಜಯನಗರದ ಕಾಲದ ಪೋರುಮಾಮಿಳ್ಳದ ಶಾಸನವು ನಿದರ್ಶನವಾಗಿದೆ. ಒಂದನೆಯ ಬುಕ್ಕರಾಯನ ಮಗನೂ ಉದಯಗಿರಿಯ ಅಧಿಪತಿಯೂ ಆದ ಭಾಸ್ಕರನು ಇಂದಿನ ಕಡಪ ಜಿಲ್ಲೆಗೆ ಸೇರಿದ ಆ ಊರಿನಲ್ಲಿ ಒಂದು ಕೆರೆಯನ್ನು ಕಟ್ಟಿಸಿ, 1369ರಲ್ಲಿ ಈ ಸಂಸ್ಕೃತ ಶಾಸನವನ್ನು ಹಾಕಿಸಿದನು. ಪ್ರತಿದಿನವೂ ಸಾವಿರ ಆಳುಗಳು ದುಡಿದರು. ನೂರು ಬಂಡಿಗಳು ಕಲ್ಲನ್ನು ಹೊತ್ತವು. ಎರಡು ವರ್ಷಗಳಲ್ಲಿ ಕೆಲಸವು ಮುಗಿಯಿತು. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳಿರಬೇಕೆಂದು ಈ ಶಾಸನವು ವಿಧಿಸುತ್ತದೆ. ಧರ್ಮಿಷ್ಠನಾದ ಅರಸು, ಜಲಶಾಸ್ತ್ರವನ್ನು ಬಲ್ಲ ಪಂಡಿತ, ಗಟ್ಟಿಯಾದ ಜೇಡಿನೆಲ, ಸಿಹಿನೀರಿನ ಹೊಳೆ, ಎರಡು ಕಡೆಯ ಗುಡ್ಡಗಳ ನಡುವೆ ಬಹಳ ಉದ್ದವಿಲ್ಲದ ದೃಢವಾದ ಕಟ್ಟೆ, ವಿಸ್ತಾರವೂ ಆಳವೂ ಆದ ಒಡಲು, ನೆಟ್ಟನೆಯ ಕಲ್ಲುಗಳು ದೊರೆಯುವ ಗಣಿ, ಕೆಳಗೆ ಸಮತಟ್ಟಾದ ಫಲವತ್ತಾದ ಭೂಮಿ, ನುರಿತ ಕೆಲಸಗಾರರ ತಂಡ ಮುಂತಾದವುಗಳು ಅದರಲ್ಲಿ ಸೇರಿವೆ. ಆರು ದೋಷಗಳನ್ನೂ ಎಣಿಸಿದೆ: ಕಟ್ಟೆಯಿಂದ ನೀರು ಒಸರುವುದು, ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತಹ ದಿಬ್ಬ, ನೀರು ಸ್ವಲ್ಪವಾಗಿ ನೆಲ ಹೆಚ್ಚಾಗಿರುವುದು, ನೀರು ಹೆಚ್ಚಾಗಿ ನೆಲ ಸ್ವಲ್ಪವಾಗಿರುವುದು. ದೋಷಗಳ ಪಟ್ಟಿಯಲ್ಲಿ ಒಸರಿಗೆ ಸ್ಥಾನವಿರುವುದನ್ನು ವಾಚಕರು ವಿಶೇಷವಾಗಿ ಲಕ್ಷಿಸಬೇಕು.

ಮಣ್ಣಿನ ಏರಿಯು ಯಾವ ಬಗೆಯಲ್ಲಿ ಕೆಡುವುದೆಂಬುದನ್ನು ತಿಳಿಯಲು ಅದರ ಅಂಗಗಳನ್ನು ತಿಳಿದಿರಬೇಕು. ಏರಿಯ ಒಳಮೈಗೆ ಅಲೆಯ ಹೊಡೆತವನ್ನು ತಡೆಯಲು ಕಲ್ಲನ್ನು ಹಾಸುವರು. ಗದ್ದೆಗಳಿಗೆ ನೀರನ್ನು ಬಿಡಲು ಏರಿಯ ಬುಡದಲ್ಲಿ ತೂಬನ್ನು ಇಡುವರು. ಹೆಚ್ಚಾದ ನೀರು ಹೊರಬೀಳಲು ಒಂದು ಪಕ್ಕದಲ್ಲಿ, ಏರಿಯ ತಲೆಗಿಂತ ತಗ್ಗಾಗಿ, ಕೋಡಿಯನ್ನು ಕಟ್ಟುವರು. ಇವುಗಳಲ್ಲಿ ಕೋಡಿಯೇ ಏರಿಯ ರಕ್ಷಕನು. ಕಲ್ಲಿನ ಕಟ್ಟೆಯು ತಲೆಯ ಮೇಲೆ ನೀರು ಹರಿದರೂ ಕೆಲಕಾಲ ತಾಳಬಲ್ಲದು. ಮಣ್ಣಿನ ಏರಿಯು ತಾಳಲಾರದು. ನೀರು ತಲೆಯನ್ನು ದಾಟಿದೊಡನೆ ಹೊರಮೈಯ ಮಣ್ಣು ಕೊಚ್ಚಿಹೋಗುತ್ತ, ಕೆಲವು ಗಳಿಗೆಗಳಲ್ಲಿಯೇ ಒಡಕು ಬಾಯ್ದೆರೆಯುವುದು. ಹೀಗಿರಲು ಇನ್ನಷ್ಟು ನೀರು ನಿಲ್ಲಲೆಂಬ ಆಸೆಯಿಂದ ಕೋಡಿಯ ಮೇಲೆ ಮಣ್ಣಿನ ಮೂಟೆಗಳನ್ನು ಪೇರಿಸುವುದು ತಮ್ಮ ಊರನ್ನೇ ಪಣಕ್ಕೆ ಒಡ್ಡಿದಂತೆ. ಹೂಳು ತುಂಬಿದ ಕೆರೆಯು ಬೇಗನೆ ತುಂಬಿ ಕೋಡಿ ಬೀಳುವುದರಿಂದ ಈ ಆಸೆಯೂ ಅಪಾಯವೂ ಒಟ್ಟಿಗೆ ಬೆಳೆಯುವುವು.

ಎರಡನೆಯ ಕೇಡು ಒಳಗಿನಿಂದ ಬರತಕ್ಕದ್ದು. ತೂಬಿನ ಕಲ್ಲಿಗೂ ಮಣ್ಣಿಗೂ ನಡುವಣ ಸಂದು, ಇಲಿ ಹೆಗ್ಗಣಗಳ ಬಿಲ, ಏಡಿಯ ರಂಧ್ರ, ಏರಿಯ ಮೇಲೆ ಬೆಳೆದು ಸತ್ತ ಮರದ ಬೇರು, ಇವು ನೀರಿಗೆ ಹಾದಿಯಾಗುವುವು. ಹೊರಗೆ ಒಸರುವ ನೀರು ತಿಳಿಯಾಗಿದ್ದು ಒಂದೇ ಸಮನಾಗಿದ್ದರೆ ತಕ್ಷಣದ ಭಯವು ಕಡಮೆ. ಅದು ಕದಡಿ ಬಂದರೆ ಏರಿಯ ಒಡಲಿನ ಮಣ್ಣೇ ನೀರಿನೊಡನೆ ಹೊರಡುತ್ತಿದೆಯೆಂದು ಅರ್ಥವು. ಅಲ್ಲಿ ವಿಳಂಬಕ್ಕೆ ಎಡೆಯಿಲ್ಲ. ಏರಿಯ ಹೊರಬುಡದಿಂದ ಮಣ್ಣನ್ನು ಅಗೆದೊಯ್ಯುವುದೂ, ಅದರ ಮೈಯನ್ನು ಉಳುವುದೂ ಇಂತಹದೇ ಆತ್ಮಘಾತಕವಾದ ಕೆಲಸಗಳು. ಬಯಲುಸೀಮೆಯ ಕೆರೆಗಳಾದರೋ ಒಂದರ ಕೋಡಿಯ ನೀರು ಮತ್ತೊಂದಕ್ಕೆ ಇಳಿಯುವ ಸರಪಣಿಯಂತಿರುವುವು. ಮೇಲಣ ಕೆರೆಯು ಒಡೆದರೆ ಆ ಪ್ರವಾಹವು ಕೆಳಗಿನ ಏರಿಗಳ ಮೇಲೆ ಬೀಳುವುದು.

ಇದನ್ನು ಬಲ್ಲ ಹಿಂದಿನವರು ಕೆರೆಯನ್ನು ಕಟ್ಟಿಸುವಾಗಲೇ ಅದರ ಕಾಪಿಗೂ ಏರ್ಪಾಡು ಮಾಡುತ್ತಿದ್ದರು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೆರೆಗೊಡಗೆ, ದಸವಂದ ಎಂಬ ಶಬ್ದಗಳು ಕೆರೆಯ ಕಟ್ಟಣೆ ಜೀರ್ಣೋದ್ಧಾರಗಳಿಗಾಗಿ ಬಿಟ್ಟ ಭೂಮಿ ಉತ್ಪನ್ನಗಳನ್ನು ಸೂಚಿಸುವುವು. ಹೂಳನ್ನು ಸಾಗಿಸುವ ಬಂಡಿಗಾಗಿಯೇ ಭೂಮಿಯನ್ನು ಬಿಟ್ಟ ಉದಾಹರಣೆಗಳುಂಟು. ಊರಿನ ಹನ್ನೆರಡು ಆಯಗಾರರಲ್ಲಿ ನೀರಗಂಟಿಯೂ ಒಬ್ಬನಾಗಿದ್ದನು. ತೂಬನ್ನು ತೆರೆದು ಮುಚ್ಚಿ, ಗದ್ದೆಗಳಿಗೆ ಸರತಿಯಂತೆ ನೀರನ್ನು ಹಂಚುವುದು ಅವನ ಕರ್ತವ್ಯವಾಗಿದ್ದಿತು. ಈ ವ್ಯವಸ್ಥೆಯ ಫಲವನ್ನು ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿಯು 1866ರಲ್ಲಿ ಬೆರಗಿನಿಂದ ದಾಖಲಿಸಿದನು. 27,269 ಚದರ ಮೈಲಿಗಳ ಮೈಸೂರು ಸೀಮೆಯಲ್ಲಿ ಸುಮಾರು ನೂರಕ್ಕೆ 60 ಭಾಗವು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಸ್ಥಳವನ್ನು ಹುಡುಕುವುದೇ ಕಷ್ಟವೆಂದೂ ಅವನ ಅಭಿಪ್ರಾಯವಾಗಿದ್ದಿತು.

ಕಾಲಕ್ರಮದಲ್ಲಿ ಕೊಡಗೆಗಳು ಹೋದವು, ನೀರಗಂಟಿಯ ವೃತ್ತಿಯು ಕ್ಷೀಣಿಸಿತು, ಕೊಳವೆಬಾವಿಗಳು ಬಂದವು. ಕೆರೆಯು ಎಲ್ಲರದೂ ಆಗಿ ಯಾರದೂ ಅಲ್ಲವೆಂಬಂತಾಯಿತು. ಇದರ ಪರಿಣಾಮವೇನೆಂಬುದಕ್ಕೆ ಸಮೀಪಕಾಲದ ಒಂದು ದುರಂತವೇ ಸಾಕ್ಷಿಯಾಗಿದೆ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬ ಹಳ್ಳಿಯ ಮಣ್ಣಿನ ಕಟ್ಟೆಯು ವಿಪರೀತ ಮಳೆಯಲ್ಲಿ ಒಡೆದು, ಕೆಳಗಣ ಮನೆಗಳನ್ನು ಮಲಗಿದ್ದ ಜನರೊಡನೆ ಕೊಚ್ಚಿಕೊಂಡು ಹೋಯಿತು. ಆ ಕಟ್ಟೆಯು ಪ್ರಾಚೀನವೂ ಅಲ್ಲ, ದೊಡ್ಡದೂ ಅಲ್ಲ. ನೀರು ಸೋರುತ್ತಿರುವುದನ್ನು ಗ್ರಾಮಸ್ಥರು ಮೊದಲೇ ಕಂಡು ದೂರಿದ್ದರು. ಪೋರುಮಾಮಿಳ್ಳದ ಶಾಸನವು ಆರೂವರೆ ಶತಮಾನಗಳ ಹಿಂದೆ ಎಣಿಸಿದ ದೋಷವೇ ಅಲ್ಲಿಯೂ ಮುನ್ಸೂಚನೆಯಾಗಿ ಕಾಣಿಸಿಕೊಂಡಿದ್ದಿತು.

ಭಾರತದ ಸಂಸತ್ತು 2021ರಲ್ಲಿ ಅಣೆಕಟ್ಟುಗಳ ಸುರಕ್ಷತೆಗಾಗಿ ಕಾಯಿದೆಯನ್ನು ಮಾಡಿತು. ಅದು 15 ಮೀಟರಿಗೆ ಮೇಲ್ಪಟ್ಟ ಕಟ್ಟೆಗಳಿಗೂ, ಕೆಲವು ನಿಬಂಧನೆಗಳೊಡನೆ 10ರಿಂದ 15 ಮೀಟರ್ ಎತ್ತರದವುಗಳಿಗೂ ಅನ್ವಯಿಸುವುದು. ಕರ್ನಾಟಕದಲ್ಲಿರುವ 36,000ಕ್ಕೂ ಮಿಕ್ಕ ಕೆರೆಗಳಲ್ಲಿ ಬಹುಪಾಲು ಏರಿಗಳು ಈ ಅಳತೆಗಿಂತ ಕುಳ್ಳಾದುವು. ಕಾಯಿದೆಯ ಕಣ್ಣು ತಲಪದ ಇಂತಹ ಏರಿಗಳ ಮೇಲೆ ಊರಿನವರ ಕಣ್ಣೇ ಇರಬೇಕಾಗುತ್ತದೆ. ಮುಂಗಾರಿಗೆ ಮುನ್ನ ಕೋಡಿಯನ್ನೂ ಅದರ ಕಾಲುವೆಯನ್ನೂ ತೆರವು ಮಾಡುವುದು, ಏರಿಯ ಮೇಲಣ ಪೊದೆಗಳನ್ನು ಸವರಿ ಬಿಲಗಳನ್ನು ಅಗೆದು ಗಟ್ಟಿಮಣ್ಣಿನಿಂದ ದಮ್ಮಸು ಮಾಡುವುದು, ಮಳೆಗಾಲದಲ್ಲಿ ಹೊರಬುಡವನ್ನು ದಿನವೂ ನಡೆದು ನೋಡುವುದು, ಕದಡಿದ ಒಸರು ಕಂಡರೆ ಆ ಕ್ಷಣವೇ ಅಧಿಕಾರಿಗಳಿಗೆ ತಿಳಿಸಿ ಕೆಳಗಣ ಜನರನ್ನು ಎಚ್ಚರಿಸುವುದು, ಇವುಗಳಿಗೆ ಹೆಚ್ಚಿನ ಧನವು ಬೇಡ, ಅರಸನ ಭಂಡಾರವೂ ಬೇಡ. ಕೈಗಳೂ ಎಚ್ಚರವೂ ಬೇಕು.

ಸಿದ್ಧರಾಮರು ಕೆರೆಯ ಕೆಲಸವನ್ನು ಕೀಳೆಂದು ಎಣಿಸಲಿಲ್ಲ. ಅವರ ಹೆಸರನ್ನು ಹೇಳಿ ಕೈಮುಗಿಯುವ ಭಕ್ತರಿರುವ ಊರಿನಲ್ಲಿ ಏರಿಯು ಅನಾಥವಾಗಿರುವುದು ಯುಕ್ತವಲ್ಲ. ವರ್ಷಕ್ಕೊಮ್ಮೆ ತುಂಬಿದ ಕೆರೆಗೆ ಬಾಗಿನವನ್ನು ಅರ್ಪಿಸುವ ಜನರು ಅದಕ್ಕೆ ಮೊದಲು ಏರಿಗೆ ಒಂದೊಂದು ಬುಟ್ಟಿ ಮಣ್ಣನ್ನು ಹೊತ್ತು ಹಾಕಿದರೆ ಆ ಪೂಜೆಯು ಪೂರ್ಣವಾಗುವುದು.