ಜೊತೆಗಾರನ ಕರ್ತವ್ಯ, ಆಯೋಜಕನ ಹತೋಟಿ: ಸ್ಕೂಬಾ ಅಪಘಾತದ ಹೊಣೆಗಾರಿಕೆ ಕುರಿತು ವಾಟ್ಸನ್ ಪ್ರಕರಣದ ಮರುಓದು

ಸ್ಕೂಬಾ ಡೈವಿಂಗ್ ಕಲಿಯುವವರಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು, ಇಬ್ಬಿಬ್ಬರಾಗಿ ನೀರಿಗಿಳಿಯಬೇಕು ಎಂಬುದು. ಒಬ್ಬರ ಸಿಲಿಂಡರಿನಲ್ಲಿ ಗಾಳಿ ತೀರಿದರೆ ಇನ್ನೊಬ್ಬರ ಹೆಚ್ಚುವರಿ ರೆಗ್ಯುಲೇಟರೇ ಆಸರೆ. ಈ ಜೋಡಿ ಪದ್ಧತಿ ಬರಿಯ ಸುರಕ್ಷತೆಯ ಕಟ್ಟಳೆಯೋ, ತಪ್ಪಿದರೆ ಸೆರೆವಾಸಕ್ಕೆ ದೂಡಬಲ್ಲ ಕಾನೂನಿನ ಕರ್ತವ್ಯವೋ? ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 2009ರಲ್ಲಿ ತೀರ್ಮಾನವಾದ ವಾಟ್ಸನ್ ಪ್ರಕರಣವು ಎರಡನೆಯದನ್ನೇ ಎತ್ತಿಹಿಡಿಯಿತು ಎಂಬ ಗ್ರಹಿಕೆ ಡೈವಿಂಗ್ ವಲಯದಲ್ಲಿ ಬೇರೂರಿದೆ. ಪ್ರಸ್ತುತ ಲೇಖನ ಆ ಗ್ರಹಿಕೆಯನ್ನು ಒಪ್ಪುವುದಿಲ್ಲ. ಪ್ರಕರಣದ ವಿವರಗಳು ಅಷ್ಟು ವಿಶಾಲವಾದ ತತ್ತ್ವವನ್ನು ಹೊರಲಾರವು ಎಂಬುದು ಇಲ್ಲಿಯ ವಾದ.

ವಿವಾದವಿಲ್ಲದ ಸಂಗತಿಗಳನ್ನು ಚುಟುಕಾಗಿ ಗುರುತಿಸಬಹುದು. ಮರಳುವ ಮುನ್ನ ತಲೆ ಎಣಿಸುವುದು ಬೋಟಿನವರ ಹೊಣೆ ಎಂಬುದರಲ್ಲಿ ಈಗ ಎರಡು ಮಾತಿಲ್ಲ. 1998ರ ಜನವರಿಯಲ್ಲಿ ಗ್ರೇಟ್ ಬ್ಯಾರಿಯರ್ ರೀಫಿನ ಸೇಂಟ್ ಕ್ರಿಸ್ಪಿನ್ ದಿಬ್ಬದ ಬಳಿ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ಬೋಟು ಮರಳಿತು. ಅವರು ಕಾಣೆಯಾದದ್ದು ಗಮನಕ್ಕೆ ಬರಲು ಎರಡು ದಿನ ಹಿಡಿಯಿತು. ಬೋಟಿನ ನಾಯಕ ನರಹತ್ಯೆಯ ಆರೋಪದಿಂದ ಬಿಡುಗಡೆಯಾದರೂ, ಆ ದುರಂತದ ಬಳಿಕ ಕ್ವೀನ್ಸ್‌ಲ್ಯಾಂಡ್ ಎಣಿಕೆ ಮತ್ತು ದಾಖಲಾತಿಯ ನಿಯಮಗಳನ್ನು ಬಿಗಿಗೊಳಿಸಿತು. ‘ನನ್ನ ಪ್ರಾಣಕ್ಕೆ ನಾನೇ ಹೊಣೆ’ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಆಯೋಜಕ ಪಾರಾಗುವುದಿಲ್ಲ ಎಂಬುದೂ ಹಲವೆಡೆ ಒಪ್ಪಿತ. ಬ್ರಿಟನ್ನಿನ ಕಾನೂನಿನಂತೆ ವ್ಯಾಪಾರಿಯೊಬ್ಬ ತನ್ನ ನಿರ್ಲಕ್ಷ್ಯದಿಂದಾದ ಸಾವಿನ ಹೊಣೆಯನ್ನು ಕರಾರಿನಿಂದ ಕಳಚಿಕೊಳ್ಳುವಂತಿಲ್ಲ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದನ್ನು ಅಷ್ಟು ನೇರವಾಗಿ ಹೇಳುವುದಿಲ್ಲ. ಆದರೆ ‘ಅನ್ಯಾಯದ ಕರಾರು’ ಎಂಬ ಅದರ ವ್ಯಾಖ್ಯೆ, ಗ್ರಾಹಕರ ಮೇಲೆ ಹೇರಿದ ಅಸಮಂಜಸ ಷರತ್ತನ್ನು ಪ್ರಶ್ನಿಸಲು ಅವಕಾಶ ಕೊಡುತ್ತದೆ.

ಇನ್ನು ವಿವಾದದ ವಿಷಯ. ಟೌನ್ಸ್‌ವಿಲ್ ಸಮೀಪದ ಸಮುದ್ರದಲ್ಲಿ 1911ರ ಚಂಡಮಾರುತಕ್ಕೆ ಸಿಕ್ಕಿ 122 ಜನರೊಂದಿಗೆ ಮುಳುಗಿದ ‘ಯೊಂಗಾಲ’ ಹಡಗಿನ ಅವಶೇಷವಿದೆ. ಅಲ್ಲಿನ ಸೆಳೆತ ಅನುಭವಿಗಳನ್ನೂ ದಣಿಸುತ್ತದೆ. 2003ರ ಅಕ್ಟೋಬರ್ 22ರಂದು ವಾಟ್ಸನ್ ಎಂಬ ಅಮೆರಿಕದ ನವದಂಪತಿ ಅಲ್ಲಿ ನೀರಿಗಿಳಿದರು. ಪತ್ನಿ ಮದುವೆಗೆ ತುಸು ಮುಂಚೆಯಷ್ಟೇ ಪ್ರಮಾಣಪತ್ರ ಪಡೆದಿದ್ದರು. ಪತಿ ರಕ್ಷಣಾ ಡೈವಿಂಗ್ ತರಬೇತಿ ಪಡೆದವರು. ನೀರಿಗಿಳಿದ ಕೆಲವೇ ನಿಮಿಷಗಳಲ್ಲಿ ಪತ್ನಿ ತಳಕ್ಕೆ ಕುಸಿದರು. ಪತಿ ಅವರನ್ನು ಬಿಟ್ಟು ನೆರವು ಕೋರಿ ಮೇಲೆ ಬಂದರು. ಮರಣ ವಿಚಾರಣೆಯ ನಂತರ ಕೊಲೆ ಆರೋಪ ಹೊರಿಸಲಾಯಿತು. 2009ರ ಜೂನಿನಲ್ಲಿ ಪತಿ ನರಹತ್ಯೆಯ ತಪ್ಪನ್ನು ಮಾತ್ರ ಒಪ್ಪಿಕೊಂಡರು. ಕೊಲೆ ಆರೋಪ ಕೈಬಿಡಲಾಯಿತು. ನಾಲ್ಕೂವರೆ ವರ್ಷದ ಶಿಕ್ಷೆಯಲ್ಲಿ ಕೂಡಲೇ ಅನುಭವಿಸಬೇಕಾದ ಅವಧಿ ಹನ್ನೆರಡು ತಿಂಗಳೆಂದು ಮೊದಲು ನಿಗದಿಯಾಯಿತು. ಮೇಲ್ಮನವಿ ನ್ಯಾಯಾಲಯ ಅದನ್ನು ಹದಿನೆಂಟು ತಿಂಗಳಿಗೆ ಏರಿಸಿತು. ಮುಂದೆ ಅಮೆರಿಕದ ಅಲಬಾಮ ರಾಜ್ಯದಲ್ಲಿ ಹೂಡಿದ ಕೊಲೆ ಮೊಕದ್ದಮೆಯನ್ನು ಸಾಕ್ಷ್ಯ ಸಾಲದೆಂದು ನ್ಯಾಯಾಧೀಶರು 2012ರ ಫೆಬ್ರವರಿಯಲ್ಲಿ ವಜಾ ಮಾಡಿದರು.

ನರಹತ್ಯೆಯ ಶಿಕ್ಷೆಗೆ ಆಧಾರವಾದದ್ದು ಕ್ವೀನ್ಸ್‌ಲ್ಯಾಂಡ್ ದಂಡಸಂಹಿತೆಯ 290ನೇ ಕಲಮು. ಮಾಡದೆ ಬಿಟ್ಟರೆ ಪ್ರಾಣಕ್ಕೆ ಅಪಾಯ ತರಬಲ್ಲ ಕೆಲಸವೊಂದನ್ನು ಕೈಗೆತ್ತಿಕೊಂಡವನಿಗೆ ಅದನ್ನು ನೆರವೇರಿಸುವ ಕರ್ತವ್ಯವಿದೆ ಎನ್ನುತ್ತದೆ ಅದು. ಜೊತೆಗಾರನೆಂದು ಇಳಿದಾತ ಗಾಳಿ ಹಂಚಿಕೊಳ್ಳಲಿಲ್ಲ, ಪತ್ನಿಯ ಜಾಕೆಟ್ಟಿಗೆ ಗಾಳಿ ತುಂಬಲಿಲ್ಲ, ತೂಕದ ಪಟ್ಟಿ ಕಳಚಲಿಲ್ಲ ಎಂಬುದು ಆರೋಪದ ಸಾರ. ‘ಜೋಡಿಯಾಗಿ ಇಳಿದ ಯಾರಿಗೇ ಆದರೂ ಈ ಕರ್ತವ್ಯ ತಾನಾಗಿ ಅಂಟಿಕೊಳ್ಳುತ್ತದೆ’ ಎಂಬ ಸಾಮಾನ್ಯ ನಿಯಮವನ್ನು ಇದರಿಂದ ತೆಗೆಯಲಾಗುತ್ತಿದೆ. ಮೂರು ಕಾರಣಗಳಿಂದ ಆ ನಿಯಮ ನಿಲ್ಲುವುದಿಲ್ಲ.

ಮೊದಲನೆಯದು, ಇದು ತಪ್ಪೊಪ್ಪಿಗೆಯಿಂದ ಮುಗಿದ ಪ್ರಕರಣ. ಕರ್ತವ್ಯವಿತ್ತೇ, ಎಷ್ಟರಮಟ್ಟಿಗೆ ಇತ್ತು ಎಂಬ ಪ್ರಶ್ನೆ ತೀರ್ಪುಗಾರರ ಮಂಡಳಿಯ ಮುಂದೆ ಪಾಟೀಸವಾಲಿಗೆ ಒಳಗಾಗಲಿಲ್ಲ. ಮೇಲ್ಮನವಿಯಲ್ಲಿ ಚರ್ಚೆಯಾದದ್ದು ಶಿಕ್ಷೆಯ ಪ್ರಮಾಣ. ಆರೋಪಿ ಒಪ್ಪಿಕೊಂಡ ಕರ್ತವ್ಯಕ್ಕೂ ಪ್ರತಿವಾದವನ್ನು ಎದುರಿಸಿ ಗೆದ್ದ ಕರ್ತವ್ಯಕ್ಕೂ ಪೂರ್ವನಿದರ್ಶನವಾಗಿ ಒಂದೇ ತೂಕವಿಲ್ಲ.

ಎರಡನೆಯದು, 290ನೇ ಕಲಮಿನ ತಿರುಳು ಜೋಡಿಯಲ್ಲಿಲ್ಲ, ಕೈಗೆತ್ತಿಕೊಳ್ಳುವುದರಲ್ಲಿದೆ. ರಕ್ಷಣಾ ತರಬೇತಿ ಪಡೆದವರೊಬ್ಬರು ತೆರೆದ ಕಡಲಿನ ಅನುಭವವಿಲ್ಲದ ಪತ್ನಿಯನ್ನು ಕರೆದೊಯ್ದ ಸಂದರ್ಭವದು. ತರಬೇತಿ, ಅನುಭವ, ದಾಂಪತ್ಯದ ನಂಬಿಕೆ ಮೂರೂ ಒಬ್ಬರ ಕಡೆಗೇ ವಾಲಿದ್ದವು. ಸಮಾನ ಅನುಭವದ ಇಬ್ಬರು ಅಪರಿಚಿತರನ್ನು ಬೋಟಿನ ಮೇಲೆ ಜೋಡಿ ಮಾಡಿದಾಗ ಈ ವಾಲಿಕೆ ಇರುವುದಿಲ್ಲ.

ಮೂರನೆಯದನ್ನು ಚರ್ಚೆಗಳಲ್ಲಿ ಬಹಳ ಸಲ ಬಿಟ್ಟುಬಿಡಲಾಗಿದೆ. ಪ್ರವಾಸ ಆಯೋಜಿಸಿದ ಸಂಸ್ಥೆಯೂ ಸುರಕ್ಷತಾ ನಿಯಮ ಮೀರಿದ್ದನ್ನು ಒಪ್ಪಿಕೊಂಡು ದಂಡ ತೆತ್ತಿತು. ಅನನುಭವಿಯೊಬ್ಬರು ಯೊಂಗಾಲದಂಥ ಜಾಗದಲ್ಲಿ ಮಾರ್ಗದರ್ಶಕರಿಲ್ಲದೆ ಇಳಿಯಬಹುದೇ ಎಂದು ತೀರ್ಮಾನಿಸುವ ಅಧಿಕಾರ ಬೋಟಿನವರ ಕೈಯಲ್ಲಿತ್ತು. ನೀರಿನಡಿಯ ಕೆಲವು ನಿಮಿಷಗಳ ಲೋಪವನ್ನೇ ದಿಟ್ಟಿಸಿದರೆ ನೀರಿಗಿಳಿಯುವ ಮುನ್ನಿನ ಈ ತೀರ್ಮಾನ ಕಣ್ಮರೆಯಾಗುತ್ತದೆ. ಡೆನೊಬ್ಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ, 947 ಡೈವಿಂಗ್ ಸಾವುಗಳ ವಿಶ್ಲೇಷಣೆ ಇದೇ ಎಚ್ಚರಿಕೆ ಕೊಡುತ್ತದೆ. ಘಟನಾ ಸರಪಳಿಗೆ ಚಾಲನೆ ಕೊಟ್ಟ ಕಾರಣ ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇ. 41ರಲ್ಲಿ ಆ ಕಾರಣ ಗಾಳಿಯ ಕೊರತೆ, ಶೇ. 15ರಲ್ಲಿ ಉಪಕರಣದ ತೊಂದರೆ. ಗಾಳಿಯ ಲೆಕ್ಕಾಚಾರ, ಉಪಕರಣದ ತಪಾಸಣೆ ಎರಡೂ ದಡದಲ್ಲಿ, ಬೋಟಿನಲ್ಲಿ ಆರಂಭವಾಗುವ ಕೆಲಸಗಳು.

ಆದ್ದರಿಂದ ಹೊಣೆಗಾರಿಕೆ ಜೋಡಿಯನ್ನಲ್ಲ, ಹತೋಟಿಯನ್ನು ಹಿಂಬಾಲಿಸಬೇಕು ಎಂಬುದು ನನ್ನ ಪ್ರತಿಪಾದನೆ. ಯಾರು ಎಲ್ಲಿ ಇಳಿಯಬೇಕು, ಯಾರೊಡನೆ ಇಳಿಯಬೇಕು, ಯಾವಾಗ ಮೇಲೇರಬೇಕು ಎಂದು ನಿರ್ಧರಿಸಬಲ್ಲವರೇ ಮೊದಲ ಹೊಣೆಗಾರರು. ಇದಕ್ಕೆ ಮಿತಿಗಳಿವೆ. ಬೇಕೆಂದೇ ಕೇಡು ಮಾಡಿದ ಜೊತೆಗಾರನಿಗೆ ಈ ವಾದ ರಕ್ಷೆಯಲ್ಲ. ಮಾತು ಕೊಟ್ಟು, ಅದನ್ನೇ ನಂಬಿದವರನ್ನು ಅಪಾಯಕ್ಕೆ ಕರೆದೊಯ್ದವನಿಗೂ ಅಲ್ಲ. ಅಲ್ಲಿ ಹತೋಟಿ ಅವನಲ್ಲೇ ಇರುತ್ತದೆ. ಆಯೋಜಕರು ಕೊಟ್ಟ ಸ್ಪಷ್ಟ ಸೂಚನೆ ಮೀರಿ ಪ್ರಮಾಣಿತ ಡೈವರ್ ತಾನೇ ಆಳಕ್ಕಿಳಿದರೆ ಹೊಣೆಯ ಪಾಲು ಆ ಡೈವರ್ ಕಡೆಗೂ ಸರಿಯುತ್ತದೆ. ಇಲ್ಲಿಯ ಮಾತು ದಂಡನೆಗೆ ಸಂಬಂಧಿಸಿದ್ದು. ಜೊತೆಗಾರನ ನೈತಿಕ ಕರ್ತವ್ಯವಾಗಲಿ ತರಬೇತಿಯ ಶಿಸ್ತಾಗಲಿ ಇದರಿಂದ ಕುಂದಬಾರದು.

ಭಾರತದ ಸಂದರ್ಭಕ್ಕೆ ಈ ವ್ಯತ್ಯಾಸ ಮುಖ್ಯ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. ಅಲ್ಲಿ ಲೋಪವೂ ಅಪರಾಧವಾಗಬಲ್ಲದು, ಆದರೆ ಅದು ‘ಕಾನೂನುಬಾಹಿರ ಲೋಪ’ ಆಗಿರಬೇಕು. ಅಂದರೆ ಕರ್ತವ್ಯ ಮೊದಲೇ ಇರಬೇಕು. ವೈದ್ಯಕೀಯ ನಿರ್ಲಕ್ಷ್ಯದ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟು, ಕ್ರಿಮಿನಲ್ ಹೊಣೆಗೆ ನಿರ್ಲಕ್ಷ್ಯ ತೀವ್ರ ಸ್ವರೂಪದ್ದಾಗಿರಬೇಕು ಎಂದಿತು. ತಪ್ಪೊಪ್ಪಿಗೆಯ ವಿದೇಶಿ ಪ್ರಕರಣವೊಂದರಿಂದ ಕರ್ತವ್ಯವನ್ನು ಎರವಲು ತಂದು ಈ ಎರಡು ಹೊಸ್ತಿಲನ್ನೂ ದಾಟಲಾಗದು.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಪ್ರವಾಸಿಗರನ್ನು ನೆನೆದರೆ ವಿಷಯ ಇನ್ನೂ ಸ್ಪಷ್ಟ. ಅಲ್ಲಿ ಪ್ರಮಾಣಪತ್ರವಿಲ್ಲದೆ ಮೊದಲ ಬಾರಿಗೆ ಇಳಿಯುವವರು ಅನೇಕರು. ಇಂಥ ಪರಿಚಯ ಡೈವಿನಲ್ಲಿ ಜಾಕೆಟ್ಟಿನ ಗಾಳಿ, ಆಳ, ಮೇಲೇರುವ ವೇಗ ಎಲ್ಲವೂ ಬೋಧಕರ ಕೈಯಲ್ಲಿ. ತರಬೇತಿ ಸಂಸ್ಥೆಯಾದ ಪ್ಯಾಡಿ ಇದಕ್ಕೆ 12 ಮೀಟರ್ ಆಳದ ಮಿತಿಯನ್ನೂ ಒಬ್ಬ ಬೋಧಕರಿಗೆ ಗರಿಷ್ಠ ನಾಲ್ವರೆಂಬ ಮಿತಿಯನ್ನೂ ಇಟ್ಟಿರುವುದು ಆ ಕಾರಣಕ್ಕೇ. ಒಟ್ಟಿಗೆ ಇಳಿದ ಗೆಳೆಯರನ್ನೋ ದಂಪತಿಯನ್ನೋ ‘ಜೋಡಿ’ ಎಂದು ಕರೆದು ಹೊಣೆಯನ್ನು ಅವರ ನಡುವೆ ಹಂಚಿದರೆ, ನಿಜವಾದ ಹತೋಟಿಯುಳ್ಳವರು ಕಾನೂನಿನ ಕಣ್ಣಿಂದ ಜಾರಿಹೋಗುತ್ತಾರೆ. ಅದು ನ್ಯಾಯವೂ ಅಲ್ಲ, ಮುಂದಿನ ಸಾವನ್ನು ತಡೆಯುವ ದಾರಿಯೂ ಅಲ್ಲ.

ಶಿಕ್ಷೆಯ ಭಯ ಸಡಿಲವಾದರೆ ಜೊತೆಗಾರರು ಕೈಬಿಟ್ಟು ಓಡುತ್ತಾರೆ ಎಂಬ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಗಾಬರಿಯ ಗಳಿಗೆಯಲ್ಲಿ ಕೆಲಸ ಮಾಡುವುದು ಕಲಮುಗಳ ನೆನಪಲ್ಲ, ರೂಢಿಯಾದ ಅಭ್ಯಾಸ. ಭಯ ಹೆಚ್ಚು ಪ್ರಭಾವ ಬೀರುವುದು ಅಪಘಾತದ ನಂತರ, ಬದುಕುಳಿದ ಏಕೈಕ ಸಾಕ್ಷಿಯ ಬಾಯಿ ಕಟ್ಟುವುದರಲ್ಲಿ. ಸಾವಿನ ಕಾರಣ ತಿಳಿಯಲು ಆ ಸಾಕ್ಷ್ಯ ಎಷ್ಟು ಬೇಕೋ, ಸಿಲಿಂಡರು, ರೆಗ್ಯುಲೇಟರುಗಳನ್ನು ಇದ್ದ ಸ್ಥಿತಿಯಲ್ಲೇ ಮೊಹರು ಮಾಡಿ ಪರೀಕ್ಷೆಗೆ ಕಳಿಸುವುದೂ ಅಷ್ಟೇ ಬೇಕು.

ಎರಡು ಪ್ರಶ್ನೆಗಳನ್ನು ಈ ಲೇಖನ ಬಗೆಹರಿಸಿಲ್ಲ. ಮಾರ್ಗದರ್ಶಕರಿಲ್ಲದೆ ತಾವೇ ಇಳಿಯುವ ಇಬ್ಬರು ಪ್ರಮಾಣಿತ ಡೈವರುಗಳ ನಡುವೆ ಹತೋಟಿಯನ್ನು ಅಳೆಯುವುದು ಹೇಗೆ ಎಂಬುದು ಒಂದು. ಕೈಗಡಿಯಾರದಂತೆ ತೊಡುವ ಡೈವ್ ಕಂಪ್ಯೂಟರಿನ ಆಳ ಮತ್ತು ಸಮಯದ ದಾಖಲೆಯನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣೀಕರಿಸುವ ಹೊಣೆ ಯಾರದು ಎಂಬುದು ಇನ್ನೊಂದು. ಹತೋಟಿ ಯಾರಲ್ಲಿತ್ತು ಎಂಬುದನ್ನು ಆ ದಾಖಲೆಯೇ ತೋರಿಸಬೇಕಾದ ಪ್ರಕರಣಗಳಲ್ಲಿ ಮೊದಲ ಪ್ರಶ್ನೆಯ ಉತ್ತರ ಎರಡನೆಯದನ್ನು ಅವಲಂಬಿಸಿದೆ.