ಮುಪ್ಪಿನ ಕಿವಿಯೂ ಅರ್ಧಮಾತ್ರೆಯೂ

“ಮಾವಾರ, ಶಾಲು ಬೇಕೇನ್ರಿ?” ಎಂದು ಸೊಸೆ ಕೇಳುವಳು. “ಹಾಲು ಈಗರ ಕುಡದೇನವಾ” ಎಂದು ಹಿರಿಯರ ಉತ್ತರ. ಮಕ್ಕಳು ನಗುವರು. ಅರವತ್ತಕ್ಕೆ ಅರಳು ಮರಳೆಂಬ ಗಾದೆಯೂ ಯಾರ ಬಾಯಿಂದಲೋ ಬೀಳುವುದು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ನಡೆಯುವ ಈ ಮಾತಿನ ಹಿಂದೆ ದೊಡ್ಡದೊಂದು ಇತಿಹಾಸವಿದೆ.

ಧ್ವನಿಯನ್ನು ನಮ್ಮ ಪೂರ್ವಿಕರು ಬಹು ಸೂಕ್ಷ್ಮವಾಗಿ ಅಳೆದವರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು, ವ್ಯಂಜನಕ್ಕೆ ಅರ್ಧ. ಗಡಿಯಾರವಿಲ್ಲದ ಕಾಲದಲ್ಲಿ ಪಾಣಿನೀಯ ಶಿಕ್ಷೆಯು ಪ್ರಾಣಿಗಳ ಕೂಗನ್ನೇ ಅಳತೆಗೋಲಾಗಿ ಕೊಟ್ಟಿತು: ನೀಲಕಂಠ ಹಕ್ಕಿಯದು ಒಂದು, ಕಾಗೆಯದು ಎರಡು, ನವಿಲಿನದು ಮೂರು, ಮುಂಗುಸಿಯದು ಅರ್ಧ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ, ನಾಭಿಮೂಲದಿಂದ ಕಹಳೆಯ ಹಾಗೆ ಶಬ್ದವು ಹುಟ್ಟುವ ಬಗೆಯನ್ನು ಹೇಳಿ, ಅದರ ಬಣ್ಣ ಬಿಳುಪೆಂದೂ ಸೇರಿಸಿದನು. ಆದರೆ ಈ ಶಾಸ್ತ್ರವೆಲ್ಲ ನುಡಿಯುವ ಬಾಯಿಯದು. ಕೇಳುವವನೊಳಗೆ ಏನು ನಡೆಯುವುದೆಂದು ನಾವು ಪಂಡಿತ ಪರೀಕ್ಷೆಗೆ ಓದುವಾಗ ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಬಿಡಿಸಹೊರಟವರು ಯುರೋಪಿನ ವೈದ್ಯರು. 1874ರಲ್ಲಿ ಜರ್ಮನಿಯ ವೆರ್ನಿಕೆಯವರು, ಕಿವಿ ನೆಟ್ಟಗಿದ್ದೂ ಮಾತು ತಿಳಿಯದ ರೋಗಿಗಳನ್ನು ಕಂಡು, ಮಾತನ್ನು ಅರಿಯುವ ಕೆಲಸಕ್ಕೆ ಮಿದುಳಿನ ಎಡಪಕ್ಕದಲ್ಲಿ ಒಂದು ಎಡೆಯುಂಟೆಂದರು. 1890ರ ದಶಕದಲ್ಲಿ ಡಚ್ ವೈದ್ಯ ಜ್ವಾರ್ಡೆಮಾಕರ್ ಅವರು ಸೀಟಿ ಊದಿ ಪರೀಕ್ಷಿಸಿ, ವಯಸ್ಸೇರಿದಂತೆ ತಾರಸ್ಥಾಯಿಯ ನಾದಗಳು ಮೊದಲು ಕೇಳದಾಗುವುವೆಂದು ತೋರಿಸಿದರು. ಶ, ಸಗಳ ಗುರುತು ಇರುವುದು ಆ ಎತ್ತರದಲ್ಲಿಯೇ. ಸ್ವರಗಳ ಬಲವೆಲ್ಲ ಕೆಳಗೆ. ಆದ್ದರಿಂದ ‘ಶಾಲು’ವಿನಲ್ಲಿ ‘ಆಲು’ ಉಳಿದು ಶಕಾರ ಮಾಯವಾಗುವುದು. ಖಾಲಿಯಾದ ಜಾಗವನ್ನು ಮಿದುಳು ಊಹೆಯಿಂದ ತುಂಬಿಕೊಳ್ಳುವುದು.

ಕಥೆ ಕಿವಿಯಲ್ಲಿಯೇ ಮುಗಿಯಲಿಲ್ಲ. ಪರೀಕ್ಷೆಯಲ್ಲಿ ಕಿವಿ ಸರಿಯಿದೆಯೆನಿಸಿಕೊಂಡ ಹಿರಿಯರೂ ದುರ್ಗದಬೈಲಿನಂಥ ಗದ್ದಲದಲ್ಲಿ ಮಾತು ಹಿಡಿಯಲಾರರು. ‘ಕತೆ’ಗೂ ‘ಕತ್ತೆ’ಗೂ, ಬಕಾರಕ್ಕೂ ಪಕಾರಕ್ಕೂ ಇರುವ ಕಾಲದ ಅಂತರ ಸೆಕೆಂಡಿನ ನೂರರಲ್ಲಿ ಕೆಲವು ಪಾಲು ಮಾತ್ರ. ಮುಪ್ಪಿನಲ್ಲಿ ಕಿವಿಯಿಂದ ಮಿದುಳಿನವರೆಗಿನ ನರಗಳ ತಾಳ ಸಡಿಲಾಗಿ ಈ ಅಳತೆ ಮಸುಕಾಗುವುದೆಂದು ಇತ್ತೀಚಿನ ಸಂಶೋಧನೆಗಳು ಹೇಳುತ್ತವೆ. ಕೈತಪ್ಪುವುದು ಅದೇ ಅರ್ಧಮಾತ್ರೆ, ನೋಡಿ! ಐವತ್ತು ದಾಟಿದ ನಾನೂ ಹಿಂದಿನ ಬೆಂಚಿನ ಹುಡುಗರ ಉಚ್ಚಾರ ಕೆಟ್ಟಿತೆಂದು ಎರಡು ವರ್ಷ ಬೈದೆ. ಕೆಟ್ಟದ್ದು ಅವರ ನಾಲಗೆಯಲ್ಲವೆಂದು ತಡವಾಗಿ ತಿಳಿಯಿತು.

“ರೇಡಿಯೋದ ವಾರ್ತೆ ತಿಳೀತದ, ನಮ್ಮ ಮಾತು ತಿಳಿಯೂದಿಲ್ಲೇನು?” ಎಂದು ಮನೆಯವರು ಮುನಿಯುವುದುಂಟು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ಅಂದಿನಿಂದಲೂ ವಾರ್ತೆ ಓದುವವರು ಅಕ್ಷರ ಬಿಡಿಸಿ, ಗದ್ದಲವಿಲ್ಲದ ಕೋಣೆಯಲ್ಲಿ ಕುಳಿತು ಓದುವವರು. ನಾವು ಅಡಿಗೆಮನೆಯಿಂದ, ಬೆನ್ನು ತಿರುವಿ, ಅವಸರದಲ್ಲಿ ಕೂಗುತ್ತೇವೆ. ಕೂಗಿದರೆ ಸ್ವರ ಉಬ್ಬುವುದೇ ಹೊರತು ವ್ಯಂಜನವಲ್ಲ.

1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯಲ್ಲಿದೆ. ಅಲ್ಲಿಯೋ ಸಮೀಪದಲ್ಲಿಯೋ ಪರೀಕ್ಷೆ ಮಾಡಿಸುವುದು ಲೇಸು. ಶ್ರವಣಯಂತ್ರವು ನಾದವನ್ನು ಎತ್ತಿಕೊಡಬಲ್ಲುದು. ಸಡಿಲಾದ ತಾಳವನ್ನು ಬಿಗಿಮಾಡಲಾರದು. ಆ ಕೊರತೆಗೆ ಮನೆಯವರೇ ಎದುರು ಕುಳಿತು, ರೇಡಿಯೋ ತುಸು ತಗ್ಗಿಸಿ, ನಿಧಾನವಾಗಿ ಮಾತಾಡಬೇಕು. ಶಾಲನ್ನು ಕೈಯಲ್ಲಿ ಹಿಡಿದೇ ಕೇಳಿದರೆ ಇನ್ನೂ ಸುಲಭ.